ಬೀಳಬೇಕಾದ ಗೋಡೆ

ಗೋಡೆ ಬೀಳಲಿಲ್ಲ.

ಆರು ಜನ ಸಾಲಾಗಿ ನಿಂತು, ಹನ್ನೆರಡು ಅಂಗೈ ಊರಿ, ಮುಖ ಕೆಂಪಾಗುವ ತನಕ ತಳ್ಳಿದ್ದರು. ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತ ಅಜ್ಜಿ ಒಂದರಿಂದ ಹತ್ತರವರೆಗೆ ಎಣಿಸಿದ್ದಳು. ಒಂಬತ್ತಕ್ಕೆ ಬಂದಾಗ, ಅವರಿಗೆ ಇನ್ನೊಂದಿಷ್ಟು ಹೊತ್ತು ಸಿಗಲಿ ಎಂದು, ಸುಳ್ಳುಸುಳ್ಳೇ ಕೆಮ್ಮಿಯೂ ಇದ್ದಳು. ಹತ್ತಾಯಿತು. ಗೋಡೆ ಇದ್ದಲ್ಲೇ ಇತ್ತು. ಈಗ ಆರೂ ಜನ ಅದಕ್ಕೇ ಬೆನ್ನು ಕೊಟ್ಟು ಏದುಸಿರು ಬಿಡುತ್ತಿದ್ದರು.

"ನೋಡಿದ್ರಾ ಮೇಡಂ, ಹೇಗಿದೆ ಗೋಡೆ," ಎಂದ ಮನೆಯ ಮಗ. ಮಾತು ಬಾಯಿಂದ ಬಿದ್ದ ಮೇಲೆ, ಇದು ಹೆಮ್ಮೆಪಡುವ ಹೊತ್ತಲ್ಲ ಎಂದು ಹೊಳೆದು ಮುಖ ಸಣ್ಣದು ಮಾಡಿಕೊಂಡ.

ತಪಾಸಣೆಗೆ ಬಂದಿದ್ದ ಅವಳು ಕೈಯಲ್ಲಿದ್ದ ಫಾರಮ್ಮಿನಲ್ಲಿ ಏನನ್ನೂ ಬರೆಯಲಿಲ್ಲ. ಪೆನ್ನಿನ ಮುಚ್ಚಳ ತೆಗೆದಳು. ಮತ್ತೆ ಹಾಕಿದಳು.

ನಗರ ಯೋಜನೆ ಕಚೇರಿಯ ಪ್ರವಾಹ ವಿಭಾಗದಲ್ಲಿ ಅವಳು ಇಂಜಿನಿಯರ್. ನದಿ ಉಕ್ಕಿದರೆ ಮುಳುಗುವ ಬೀದಿಗಳಲ್ಲಿ ಹೊಸ ಮನೆ ಎದ್ದಾಗ ಹೋಗಿ ನೋಡಿ, ಜನ ಇದರಲ್ಲಿ ವಾಸ ಮಾಡಬಹುದು ಅಥವಾ ಮಾಡಬಾರದು ಎಂದು ಬರೆದುಕೊಡುವುದು ಕೆಲಸ. ನೋಡಬೇಕಾದದ್ದು ಹೆಚ್ಚೇನಿಲ್ಲ. ಹಿಂದಿನ ದೊಡ್ಡ ಪ್ರವಾಹದಲ್ಲಿ ನೀರು ನಿಂತ ಎತ್ತರಕ್ಕೆ ಪ್ರತಿ ಕಂಬದ ಮೇಲೂ ಒಂದು ಕೆಂಪು ಗೆರೆ ಇರಬೇಕು. ವಾಸದ ಕೋಣೆಗಳ ನೆಲ ಆ ಗೆರೆಗಿಂತ ಎರಡಡಿ ಮೇಲಿರಬೇಕು. ಕೆಳಗಿನ ಅಂತಸ್ತಿನಲ್ಲಿ ಬರೀ ಕಂಬ. ಅಲ್ಲಿ ಗೋಡೆ ಬೇಕೇ ಬೇಕೆಂದರೆ, ನೀರು ತಳ್ಳಿದ ಕೂಡಲೇ ಬೀಳುವಂಥದ್ದನ್ನು ಕಟ್ಟಬೇಕು. ಬೀಳದ ಗೋಡೆ ನೀರನ್ನು ತಡೆದು ನಿಲ್ಲುತ್ತದೆ, ನಿಂತು ನಿಂತು ಕಂಬವನ್ನು ತನ್ನ ಜೊತೆ ಎಳೆದುಕೊಳ್ಳುತ್ತದೆ, ಕಂಬ ಮನೆಯನ್ನು.

ಹದಿನಾಲ್ಕನೆಯ ಕಲಮು ಹೇಳುವುದು ಇಷ್ಟು: ಕೆಳ ಅಂತಸ್ತಿನ ಗೋಡೆಯು ಆರು ಮಂದಿ ವಯಸ್ಕರು ಒಟ್ಟಾಗಿ ತಳ್ಳಿದಾಗ ಹತ್ತು ಎಣಿಸುವುದರೊಳಗೆ ಬೀಳತಕ್ಕದ್ದು. ಬೀಳದ ಗೋಡೆಯನ್ನು ಅಪಾಯಕಾರಿಯೆಂದು ಪರಿಗಣಿಸತಕ್ಕದ್ದು.

ಕಚೇರಿಯ ಉಳಿದವರು ಗೋಡೆಗೆ ಒಂದು ಕೈ ಊರಿ ಇನ್ನೊಂದು ಕೈಯಲ್ಲಿ ಸಹಿ ಹಾಕಿ ಬರುತ್ತಾರೆ. ಅವಳೊಬ್ಬಳು ತಳ್ಳಿಸುತ್ತಾಳೆ. ಎರಡು ವರ್ಷದಲ್ಲಿ ಮೂವತ್ತೊಂದು ಗೋಡೆ. ಮೂವತ್ತೊಂದೂ ಬಿದ್ದಿದ್ದವು.

ಕಲಮು ಬರೆದವನು ಅವಳ ಗಂಡ.

ಬೆಳಿಗ್ಗೆ ಅವಳು ಹೊರಡುವಾಗ ಅತ್ತೆ, ಮೀನು ಹಿಡಿಯಲು ಹೊರಟವರನ್ನು ಕೇಳುವ ಹಾಗೆ, ಇವತ್ತು ಎಷ್ಟು ಎಂದಿದ್ದರು. ಒಂದೇ, ಎಂದಿದ್ದಳು. ಅತ್ತೆಗೂ ಅವಳಿಗೂ ಜಗಳವಿಲ್ಲ. ಜಗಳಕ್ಕೆ ಬೇಕಾದಷ್ಟು ಮಾತೂ ಇಲ್ಲ. ಅವರದೂ ಕಂಬದ ಮೇಲಿನ ಮನೆಯೇ. ಕೆಳಗಿನ ಖಾಲಿಯಲ್ಲಿ, ಗೇಟಿಗೂ ಮೆಟ್ಟಿಲಿಗೂ ನಡುವೆ, ಎದೆಮಟ್ಟದ ಒಂದು ಗೋಡೆ ಇದೆ. ಸ್ಕೂಟರಿಗೆ ಮರೆಯಾಗಲಿ ಎಂದು ಅವನು ನಾಲ್ಕು ಭಾನುವಾರ ತಾನೇ ಕೂತು ಕಟ್ಟಿದ್ದು. ಐದನೆಯ ಭಾನುವಾರಕ್ಕೆ ಅವನಿರಲಿಲ್ಲ. ನೀರಿನಲ್ಲಿ ಹೋದದ್ದಲ್ಲ, ನಾಲ್ಕು ದಿನದ ಜ್ವರ. ನಿಯಮಗಳಲ್ಲಿ ಅದಕ್ಕೊಂದು ಕಲಮಿರಲಿಲ್ಲ. ಗೋಡೆಯ ಎರಡೂ ಬದಿ ಬಯಲು; ಸ್ಕೂಟರನ್ನು ಯಾವತ್ತೋ ಮಾರಿಯಾಯಿತು. ಅವಳು ಎಡದಿಂದ ಸುತ್ತಿಕೊಂಡು ಹೋಗುತ್ತಾಳೆ, ಅತ್ತೆ ಬಲದಿಂದ.

"ಇವರು ತಳ್ಳಲೇ ಇಲ್ಲ ಮೇಡಂ," ಎಂದಳು ಅಜ್ಜಿ, ಬಕೆಟ್ಟಿನ ಮೇಲಿಂದ. ಬೆರಳು ಗಂಡನ ಕಡೆ ತಿರುಗಿತ್ತು. "ಬರೀ ಒರಗಿಕೊಂಡಿದ್ರು. ನಲವತ್ತೆಂಟು ವರ್ಷದಿಂದ ನೋಡ್ತಿದ್ದೀನಿ. ಕೆಲಸ ಮಾಡೋದು ಯಾವುದು, ಮಾಡಿದ ಹಾಗೆ ಮಾಡೋದು ಯಾವುದು, ನಂಗೆ ಗೊತ್ತಾಗಲ್ವಾ?"

ಎಲ್ಲರೂ ಮೇಸ್ತ್ರಿಯ ಕಡೆ ನೋಡಿದರು. ಮೇಸ್ತ್ರಿ ಆಕಾಶದ ಕಡೆ ನೋಡಿದ.

ಮನೆ ಅವನದೇ, ಕಟ್ಟಿದವನೂ ಅವನೇ. ಎಪ್ಪತ್ತು ದಾಟಿದ ಮುದುಕ, ಕೈಗಳು ಮಾತ್ರ ನಲವತ್ತರವು. ಊರಿನ ಅರ್ಧ ಗೋಡೆಗಳು ಅವನ ಕರಣೆಯಿಂದಲೇ ಎದ್ದಿದ್ದವು. ಮೂರು ವರ್ಷದ ಹಿಂದಿನ ಪ್ರವಾಹದಲ್ಲಿ ಅವನ ಹಳೆಯ ಮನೆ ಹೋಯಿತು. ಅವತ್ತಿನಿಂದ ಅವನು, ಅಜ್ಜಿ, ಬಸ್ಸು ಓಡಿಸುವ ಮಗ, ಬಟ್ಟೆ ಹೊಲಿಯುವ ಸೊಸೆ ನಾಲ್ವರೂ ಆಟದ ಬಯಲಿನ ತಗಡಿನ ಶೆಡ್ಡಿನಲ್ಲಿದ್ದರು. ಶೆಡ್ಡನ್ನು ಬೆಳಿಗ್ಗೆಯೇ ಖಾಲಿ ಮಾಡಿ, ಸಾಮಾನನ್ನೆಲ್ಲ ತಳ್ಳುಗಾಡಿಗೆ ಹೇರಿಕೊಂಡು ಬಂದುಬಿಟ್ಟಿದ್ದರು. ಗಾಡಿ ಬಾಗಿಲ ಮುಂದೆಯೇ ನಿಂತಿತ್ತು: ಎರಡು ಟ್ರಂಕು, ಹೊಲಿಗೆ ಯಂತ್ರ, ಸುತ್ತಿದ ಹಾಸಿಗೆ, ಮೇಲೊಂದು ದೊಡ್ಡ ಕನ್ನಡಿ. ಕನ್ನಡಿ ಬಿಸಿಲನ್ನು ಹಿಡಿದು ಎದುರು ಅಂಗಡಿಯವನ ಕಣ್ಣಿಗೆ ಹೊಡೆಯುತ್ತಿತ್ತು. ಅವನು ಬಯ್ಯಲು ಬಂದವನು ತಳ್ಳಲು ನಿಂತಿದ್ದ. ಅವನ ಮೈಕಟ್ಟು ನೋಡಿ ಬೀದಿ ಅವನಿಗೆ ಗುಡಾಣ ಎಂದು ಹೆಸರಿಟ್ಟಿತ್ತು. ಗಾಡಿಯವನೂ ಕಚೇರಿಯ ಜೀಪಿನ ಡ್ರೈವರನೂ ಸೇರಿ ಆರು ಜನರಾಗಿದ್ದರು.

ಇವತ್ತು ಸಹಿ ಬೀಳಬೇಕಿತ್ತು. ನಾಳೆಯಿಂದ ಮಳೆಗಾಲದ ಆದೇಶ. ನಾಲ್ಕು ತಿಂಗಳು ತಪಾಸಣೆಯೇ ಇಲ್ಲ. ಸಹಿ ಇಲ್ಲದಿದ್ದರೆ ಕರೆಂಟಿಲ್ಲ, ವಾಸವಿಲ್ಲ. ಶೆಡ್ಡಿಗೆ ಬೇರೆ ಸಂಸಾರ ಆಗಲೇ ಬಂದಿಳಿದಿತ್ತು.

ಇನ್ನೊಂದು ಸಲ, ಎಂದಳು ಅವಳು. ಇನ್ನೊಂದು ಸಲ ತಳ್ಳಿದರು. ಈ ಸಲ ಮೇಸ್ತ್ರಿ ಹೆರಿಗೆ ನೋವು ಬಂದವರ ಹಾಗೆ ನರಳಿದ. ಸೊಸೆಗೆ ನಗು ತಡೆಯಲಾಗದೆ ಅವಳ ಕೈ ಸಡಿಲವಾಯಿತು. ಗುಡಾಣನ ಅಂಗಿಯ ಗುಂಡಿಯೊಂದು ಹಾರಿ ಅಜ್ಜಿಯ ಮಡಿಲಿಗೆ ಬಿತ್ತು. ಬಿದ್ದದ್ದು ಅದೊಂದೇ.

ನಿಂತ ಗೋಡೆಯನ್ನು ನೋಡುತ್ತ ಅವಳಿಗೆ ಒಳಗೆಲ್ಲೋ ಖುಷಿಯಂಥದ್ದು ಏನೋ ಆಯಿತು. ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಬೇರೆಯವರ ಸಾಮಾನು ತಪ್ಪಿ ತನ್ನ ಮನೆಗೆ ಬಂದ ಹಾಗೆ, ಬಾಗಿಲಲ್ಲೇ ಇಟ್ಟುಕೊಂಡಳು.

ಆಮೇಲೆ ಸುತ್ತಿಗೆ ಕೇಳಿ ತೆಗೆದುಕೊಂಡು, ಗೋಡೆಯ ಉದ್ದಕ್ಕೂ ಹಿಡಿಯಿಂದ ಬಡಿಯುತ್ತ ಹೋದಳು. ನಡುವೆ ಒಂದು ಸದ್ದು. ಕಂಬದ ಹತ್ತಿರ ಬಂದಾಗ ಬೇರೆ ಸದ್ದು. ಇನ್ನೊಂದು ಕಂಬದ ಹತ್ತಿರವೂ ಅದೇ.

"ಮೇಸ್ತ್ರಿ, ಇದರೊಳಗೆ ಏನಿದೆ?"

"ಇಟ್ಟಿಗೆ."

"ಇಟ್ಟಿಗೆ ಬಿಟ್ಟು?"

"ಗಾರೆ."

"ಗಾರೆ ಬಿಟ್ಟು?"

"ಬಿಸಿಲು ಜಾಸ್ತಿ ಆಯ್ತು ತಾಯಿ. ಒಂದು ಲೋಟ ನೀರು ಕುಡೀರಿ."

ಅಜ್ಜಿ ಬಕೆಟ್ಟಿನಿಂದ ಎದ್ದಳು. ಮಂಡಿ ನೋವಿನವಳು ಎದ್ದದ್ದು ನೋಡಿ ಮೇಸ್ತ್ರಿ ತಾನಾಗಿಯೇ ಬಾಯಿ ಬಿಟ್ಟ.

ಅವನು ಮೊದಲು ನಿಯಮದ ಪ್ರಕಾರವೇ ಶುರು ಮಾಡಿದ್ದನಂತೆ. ಒಂದು ಪಾಲು ಸಿಮೆಂಟಿಗೆ ಹತ್ತು ಪಾಲು ಮರಳು, ಕಂಬಕ್ಕೂ ಗೋಡೆಗೂ ಅಂಟು ಇಲ್ಲ. ಮೂರು ವರಸೆ ಇಟ್ಟಿಗೆ ಇಟ್ಟು ಹೋದ. ಮಾರನೆಯ ದಿನ ಬಂದು ಹಿಮ್ಮಡಿಯಿಂದ ಹಗುರಾಗಿ ಒದ್ದು ನೋಡಿದರೆ, ಮೂರು ವರಸೆಯೂ ಮುದಿ ಎಮ್ಮೆಯ ಹಾಗೆ ಮಲಗಿಬಿಟ್ಟವು. ಯಾರೋ ಕಪಾಳಕ್ಕೆ ಹೊಡೆದ ಹಾಗಾಯಿತು. ಐವತ್ತೈದು ವರ್ಷದಲ್ಲಿ ಅವನು ಕಟ್ಟಿದ ಗೋಡೆ ಒಂದೂ ಹಾಗೆ ಮಲಗಿರಲಿಲ್ಲ. ಹಳೇ ಮನೆ ನೀರಿನಲ್ಲಿ ಹೋದಾಗಲೂ ಗೋಡೆ ಕೊನೆಗೆ ಹೋಯಿತು, ಕಂಬಗಳ ಜೊತೆ. ಅವತ್ತಿಡೀ ಅವನಿಗೆ ಊಟ ಇಳಿಯಲಿಲ್ಲ. ಮರುದಿನ ಕಂಬಗಳಿಗೆ ತೂತು ಕೊರೆದು ಬದಿಗೆ ಎರಡರಂತೆ ಸರಳು ಸಿಕ್ಕಿಸಿದ. ಹತ್ತರ ಬದಲು ನಾಲ್ಕೇ ಪಾಲು ಮರಳು ಹಾಕಿದ. ಏಳು ದಿನ ಬಿಡದೆ ನೀರು ಕುಡಿಸಿದ.

"ಬೀಳೋ ಗೋಡೆ ಕಟ್ಟೋಕೆ ಕೈ ಒಪ್ಪಲಿಲ್ಲ ತಾಯಿ," ಎಂದ.

"ಅಪ್ಪಾ, ನೀನು ಗೋಡೆ ಕಟ್ಟಿದ್ದು ನಮ್ಮನ್ನ ಒಳಗೆ ಇಡೋಕೋ, ಹೊರಗೆ ಇಡೋಕೋ?" ಎಂದ ಮಗ.

ಗುಡಾಣ ನಕ್ಕ. ಹೊಟ್ಟೆ ಹಿಡಿದುಕೊಂಡು, ಕಂಬ ಹಿಡಿದುಕೊಂಡು ನಕ್ಕ. ನನ್ನ ಅಂಗಡಿ ಕಟ್ಟಿದವನೂ ಇವನೇ, ಅದು ಎರಡು ಕಡೆ ಬಿರುಕು ಬಿಟ್ಟಿದೆ, ಬೀಳಬಾರದ್ದನ್ನ ಬೀಳೋ ಹಾಗೂ ಬೀಳಬೇಕಾದ್ದನ್ನ ಬೀಳದ ಹಾಗೂ ಕಟ್ಟುವ ಮೇಸ್ತ್ರಿ ಇವನೊಬ್ಬನೇ, ಎಂದ. ಅಂಗಡಿಯ ಬಿರುಕು ನಿನ್ನ ಭಾರಕ್ಕೆ ಬಂದದ್ದು, ಎಂದ ಮೇಸ್ತ್ರಿ. ಸೊಸೆ ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ನಗುವಿನಲ್ಲಿ ಶುರುವಾದದ್ದು ಎಲ್ಲಿ ಅಳುವಾಯಿತೆಂದು ಅವಳಿಗೂ ತಿಳಿದಂತಿರಲಿಲ್ಲ. ಗಾಡಿಯ ಮೇಲಿನ ಹೊಲಿಗೆ ಯಂತ್ರವನ್ನೊಮ್ಮೆ ನೋಡಿದಳು.

ಅಷ್ಟರಲ್ಲಿ ಫೋನು ಬಂತು. ಸಾಹೇಬರು.

"ಬಿತ್ತಾ?"

"ಇಲ್ಲ ಸರ್."

"ಬಿತ್ತು ಅಂತ ಬರೀರಿ. ಅದನ್ನ ನೋಡೋಕೆ ಯಾರು ಬರ್ತಾರೆ?"

"ನದಿ ಬರುತ್ತೆ ಸರ್."

ಜೀಪು ವಾಪಸು ಕಳಿಸಿ, ಬೇರೆ ಕೆಲಸ ಇದೆ, ಎಂದರು ಸಾಹೇಬರು. ಡ್ರೈವರ್ ಅಂಗೈ ಝಾಡಿಸಿಕೊಂಡು, ಬರ್ತೀನಿ ಅಜ್ಜಿ, ಗೋಡೆ ಬಿದ್ರೆ ತಿಳಿಸಿ, ಎಂದು ಹೊರಟುಹೋದ.

ಫಾರಮ್ಮಿನಲ್ಲಿ ಒಂದು ಸಾಲಿತ್ತು: ಗೋಡೆ ಬಿದ್ದಿದೆ / ಬಿದ್ದಿಲ್ಲ, ಅನ್ವಯಿಸದ್ದನ್ನು ಹೊಡೆದುಹಾಕಿ. ಮೂವತ್ತೊಂದು ಸಲ ಅವಳು ಒಂದೇ ಪದವನ್ನು ಹೊಡೆದಿದ್ದಳು. ಈಗ ಪೆನ್ನು ಇನ್ನೊಂದರ ಮೇಲೆ ಹೋಗಬೇಕಿತ್ತು. ಹೋಗಿ ಅದರ ಮೇಲೆ ನಿಂತಿತು.

"ಮೇಡಂ, ಒಂದು ಕೇಳ್ತೀನಿ," ಎಂದಳು ಅಜ್ಜಿ. "ಸಂಜೆಯೊಳಗೆ ಬಿದ್ರೆ ನಡೆಯುತ್ತಾ?"

ಅವಳು ಕಲಮನ್ನು ಮನಸ್ಸಿನಲ್ಲಿ ಓದಿಕೊಂಡಳು. ಆರು ಜನ ಎಂದಿತ್ತು, ಹತ್ತು ಎಂದಿತ್ತು. ಎಷ್ಟು ಸಲ ಎಂದಿರಲಿಲ್ಲ. ಅವನು ಮರೆತದ್ದೋ, ಬೇಕೆಂದೇ ಬಿಟ್ಟದ್ದೋ. ಅವನನ್ನು ಕೇಳಿ ಹೇಳುತ್ತೇನೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ಹಿಂದೆ ಹೋಯಿತು.

"ನಾನು ಐದೂವರೆ ತನಕ ಇಲ್ಲೇ ಇರ್ತೀನಿ," ಎಂದಳು.

ಆಮೇಲೆ ನಡೆದದ್ದು ತಪಾಸಣೆಯ ಹಾಗೆ ಇರಲಿಲ್ಲ. ಕಂಬದ ಸಂದಿನ ಸರಳು ಕೊಯ್ಯಲು ಮಗ ಎಲ್ಲಿಂದಲೋ ಮೂರು ಕಬ್ಬಿಣದ ಗರಗಸ ತಂದ. ಗುಡಾಣ ಅಂಗಡಿಗೆ ಅರ್ಧ ಬಾಗಿಲು ಹಾಕಿ, ಗಿರಾಕಿಗಳನ್ನೆಲ್ಲ ಇಲ್ಲಿಗೇ ಕಳಿಸಿದ. ಬಂದವರೆಲ್ಲ ಒಂದೊಂದು ಬುದ್ಧಿ ಹೇಳಿ ಹೋದರು. ಗಾಡಿಯವನು ಚಾಣ ಹಿಡಿದು ತಳದ ವರಸೆಯ ಗಾರೆ ಕೆರೆಯತೊಡಗಿದ. ಅಜ್ಜಿ ಗಾಡಿಯ ಹಗ್ಗ ಬಿಚ್ಚಿ, ಸ್ಟವ್ ಇಳಿಸಿ, ಬೀದಿಯಲ್ಲೇ ಚಹ ಕಾಯಿಸಿದಳು. ಲೋಟಗಳು ಯಾವ ಟ್ರಂಕಿನಲ್ಲಿವೆಯೆಂದು ನೆನಪಾಗದೆ ಎರಡೂ ಟ್ರಂಕು ಬಿಚ್ಚಬೇಕಾಯಿತು. ಹತ್ತು ನಿಮಿಷದಲ್ಲಿ ಅವರ ಸಂಸಾರವೆಲ್ಲ ಬೀದಿಯ ಮೇಲಿತ್ತು. ಯಾರಿಗೂ ನಾಚಿಕೆಯಾಗಲಿಲ್ಲ. ದಾರಿಹೋಕನೊಬ್ಬ ಕನ್ನಡಿಯಲ್ಲಿ ತಲೆ ಬಾಚಿಕೊಂಡು ಹೋದ.

ಮೇಸ್ತ್ರಿ ಒಬ್ಬನೇ ಕೈ ಹಚ್ಚಲಿಲ್ಲ. ಕಂಬಕ್ಕೊರಗಿ ಕೂತು, ಚಾಣ ಬಿದ್ದಾಗಲೆಲ್ಲ ಹುಬ್ಬು ಗಂಟಿಕ್ಕುತ್ತಿದ್ದ. ಅಲ್ಲಿ ಹೊಡೀಬೇಡ, ಇಟ್ಟಿಗೆ ಒಡೆಯುತ್ತೆ, ಎನ್ನುತ್ತಿದ್ದ.

ಅವಳು ಫಾರಮ್ಮನ್ನು ಮಡಚಿ ಚೀಲಕ್ಕೆ ಹಾಕಿದಳು. ಬೂಟು ಬಿಚ್ಚಿದಳು. ಏಕೆ ಬಿಚ್ಚಿದೆನೆಂದು ಯೋಚಿಸುವಷ್ಟರಲ್ಲಿ ಗರಗಸದ ಒಂದು ತುದಿ ಕೈಯಲ್ಲಿತ್ತು, ಇನ್ನೊಂದು ತುದಿಯಲ್ಲಿ ಸೊಸೆ. ಇಬ್ಬರೂ ಎಳೆಯುವಾಗ ಸರಳು ಕೂಗುತ್ತಿತ್ತು.

"ನಿಮ್ಮ ಮನೆಯವರು ಏನ್ಮಾಡ್ತಾರೆ ಮೇಡಂ?" ಎಂದು ಕೇಳಿದಳು ಸೊಸೆ.

"ಅದೇ ಆಫೀಸು."

"ಇದೇ ಕೆಲಸಾನಾ?"

"ಹೂಂ. ಬರೆಯೋ ಕೆಲಸ."

"ಹಾಗಾದ್ರೆ ಮನೇಲೂ ಇದೇ ಮಾತು. ನೀರು, ಗೋಡೆ."

"ಮನೇಲಿ ಮಾತಿಲ್ಲ."

ಸೊಸೆ ಜೋರಾಗಿ ನಕ್ಕಳು. ಎಲ್ಲರ ಮನೆಯೂ ಅಷ್ಟೇ ಬಿಡಿ, ನಮ್ಮವರು ಬಸ್ಸಿನಲ್ಲಿ ಅರವತ್ತು ಜನರ ಹತ್ತಿರ ಮಾತಾಡಿ ಬಂದು ನನ್ನ ಹತ್ತಿರ ತೂಕಡಿಸ್ತಾರೆ, ಎಂದಳು. ಅವಳೂ ನಕ್ಕಳು. ನಗು ತನ್ನದೇ ಎಂದು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಬಹಳ ದಿನ ಬಳಸದ ಕೋಣೆಯ ಕೀಲಿನ ಹಾಗಿತ್ತು ಅದು. ಆದರೂ ತೆರೆಯಿತು. ಸುಳ್ಳು ಹೇಳಿದ್ದು ತಪ್ಪೆನಿಸಲಿಲ್ಲ. ಇವತ್ತು ಸಂಜೆ ಐದೂವರೆಯ ತನಕ, ಈ ಬೀದಿಯ ಮಟ್ಟಿಗೆ, ಅವನು ಆಫೀಸಿನಲ್ಲಿ ಕೂತು ಬರೆಯುತ್ತಿದ್ದ.

ಮೂರು ಸರಳು ತುಂಡಾದವು. ನಾಲ್ಕನೆಯದರ ಹತ್ತಿರ ಮಗ ಗರಗಸ ಒಯ್ದಾಗ ಮೇಸ್ತ್ರಿ ಎದ್ದು ಬಂದ.

"ಕೊಡು ಇಲ್ಲಿ," ಎಂದ. "ಹಾಕಿದೋನು ನಾನು. ಎಲ್ಲಿ ಕೊಯ್ದರೆ ಬೇಗ ಹೋಗುತ್ತೆ ಅಂತ ನಂಗೆ ಗೊತ್ತು."

ಕೊಯ್ದ. ಕೊಯ್ದಾದ ಮೇಲೆ ಅಂಗೈಯಿಂದ ಗೋಡೆಯ ಮೈಮೇಲಿನ ಪುಡಿ ಒರೆಸಿದ. ಹಸುವಿನ ಮೈ ಸವರುವವರ ಹಾಗೆ.

ಐದು ಗಂಟೆಗೆ ಮತ್ತೆ ಸಾಲು ನಿಂತಿತು. ಮೇಸ್ತ್ರಿ, ಮಗ, ಸೊಸೆ, ಗುಡಾಣ, ಗಾಡಿಯವನು. ಐದು. ಅಜ್ಜಿ ತಾನು ಬರುತ್ತೇನೆಂದು ಎದ್ದಳು. ನೀನು ಬಿದ್ರೆ ಎತ್ತೋಕೆ ಇನ್ನೂ ಆರು ಜನ ಬೇಕು, ಎಂದು ಮೇಸ್ತ್ರಿ ಕೂರಿಸಿದ. ಅಂಗಡಿಗೆ ಬಂದ ಗಿರಾಕಿಗಳು ಆ ಹೊತ್ತಿಗೆ ಸರಿಯಾಗಿ ಮಾಯವಾಗಿದ್ದರು. ಎಲ್ಲರೂ ಅವಳ ಕಡೆ ನೋಡಿದರು.

ಇಂಜಿನಿಯರು ತಳ್ಳಬಾರದೆಂದು ಕಲಮಿನಲ್ಲಿರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ.

ಆರು ವರ್ಷದ ಹಿಂದೆ ಕಚೇರಿಯ ಹಿತ್ತಲಲ್ಲಿ, ಸೈಕಲ್ ಶೆಡ್ಡಿನ ಪಕ್ಕ, ಪರೀಕ್ಷೆಗೆಂದು ಒಂದು ಗೋಡೆ ಕಟ್ಟಿಸಿದ್ದರು. ನೀರಿನ ನೂಕು ಅಳೆಯುವ ಯಂತ್ರಕ್ಕೆ ಬರೆದು ಒಂದು ವರ್ಷವಾದರೂ ಅದು ಬಂದಿರಲಿಲ್ಲ. ಅವನು ಲೆಕ್ಕ ಹಾಕಿ, ಯಂತ್ರ ಬೇಡ, ಜನ ಸಾಕು, ಎಂದ. ನಾಲ್ವರು ಗುಮಾಸ್ತರು, ಅವನು. ಒಬ್ಬರು ಕಮ್ಮಿಯಿದ್ದರು. ಕೆಲಸ ಕಲಿಯಲು ಬಂದು ಎರಡು ವಾರವಾಗಿದ್ದ ಅವಳನ್ನು ಕರೆದರು. ಏಳಕ್ಕೆ ಗೋಡೆ ಬಿತ್ತು. ಅವಳು ಅವನ ಮೇಲೆ ಬಿದ್ದಳು. ಬಾಯಿ ತುಂಬ ಧೂಳು ತುಂಬಿಕೊಂಡು ಅವನು, ಬರ್ಕೊಳ್ಳಿ, ಏಳು, ಎಂದು ಕೂಗಿ ನಗುತ್ತಿದ್ದ. ನಿಯಮ ಬರೆಯುವಾಗ ಏಳನ್ನು ಹತ್ತು ಮಾಡಿದ. ಮೂರು ಹೆಚ್ಚಿಗೆ ಇರಲಿ, ಎಂದಿದ್ದ, ಎಲ್ಲರೂ ನಮ್ಮಷ್ಟು ಗಟ್ಟಿ ಇರೋದಿಲ್ಲ. ಆರು ಎನ್ನುವುದು ಲೆಕ್ಕ. ಆ ಆರರಲ್ಲಿ ಆರನೆಯವಳು ಅವಳು. ಅದು ಕಲಮಿನಲ್ಲಿ ಬರೆದಿಲ್ಲ.

ಅವಳು ಸಾಲಿನ ತುದಿಗೆ ಹೋಗಿ ಅಂಗೈ ಊರಿದಳು. ಇಟ್ಟಿಗೆ ದಿನವಿಡೀ ಬಿಸಿಲುಂಡು ಬೆಚ್ಚಗಿತ್ತು.

ಅಜ್ಜಿ ಎಣಿಸತೊಡಗಿದಳು. ನಾಲ್ಕಕ್ಕೆ ತಳದಲ್ಲಿ ಮರಳು ಉದುರಿತು. ಐದಕ್ಕೆ ಗುಡಾಣ, ಬಂತು ಬಂತು, ಎಂದ. ಆರು, ಏಳು. ಎಂಟಕ್ಕೆ ಏನೂ ಆಗಲಿಲ್ಲ. ಅಜ್ಜಿ ಕೆಮ್ಮಿದಳು, ಉದ್ದದ ಕೆಮ್ಮು, ಉಸಿರಿರುವಷ್ಟು ಹೊತ್ತು ಕೆಮ್ಮಿ, ಇನ್ನು ಕೆಮ್ಮಲಾಗದೆ, ಒಂಬತ್ತು ಎಂದಳು.

ಗೋಡೆ ಹೋಯಿತು. ಇಡಿಯಾಗಿ, ಬಾಗಿಲು ತೆರೆದ ಹಾಗೆ, ಆ ಕಡೆ ಮಲಗಿತು. ಆರೂ ಜನ ಅದರ ಬೆನ್ನ ಮೇಲೆ ಬಿದ್ದರು. ಧೂಳೆದ್ದು ಯಾರಿಗೆ ಯಾರೂ ಕಾಣಲಿಲ್ಲ. ಮೊದಲು ಅಜ್ಜಿಯ ನಗು ಕೇಳಿತು, ಆಮೇಲೆ ಸೊಸೆಯದು, ಆಮೇಲೆ ಎಲ್ಲರದೂ. ಬೀದಿಯ ಮನೆಗಳಿಂದ ಜನ ಕಿಟಕಿಗೆ ಬಂದು ಚಪ್ಪಾಳೆ ತಟ್ಟಿದರು. ಅವಳೂ ನಗುತ್ತಿದ್ದಳು. ಮೊಣಕೈ ತರಚಿತ್ತು, ಬಾಯೊಳಗೆ ಸಿಮೆಂಟಿನ ರುಚಿ, ಹೊಟ್ಟೆ ನೋಯುವಷ್ಟು ನಗು. ನಗುತ್ತಲೇ ಬಲಕ್ಕೆ ತಿರುಗಿ, ಒಂಬತ್ತು, ಬರ್ಕೊಳ್ಳಿ, ಎಂದಳು.

ಬಲಗಡೆ ಗುಡಾಣನ ಮುಖವಿತ್ತು. ಹಿಟ್ಟು ಮೆತ್ತಿದ ಹಾಗೆ ಬೆಳ್ಳಗಾಗಿ, ಅಪಾರ ಸಂತೋಷದಿಂದ ಅವಳನ್ನೇ ನೋಡುತ್ತಿತ್ತು. "ಏನ್ಬರ್ಕೊಳ್ಳಲಿ ಮೇಡಂ?" ಎಂದಿತು.

ಧೂಳು ಇಳಿದಾಗ, ಗೋಡೆಯಿದ್ದ ಜಾಗದಲ್ಲಿ ನದಿ ಕಂಡಿತು. ಬೇಸಿಗೆಯ ನದಿ, ಒಂದು ಪಾಯಿಜಾಮದ ಲಾಡಿಯಷ್ಟು. ಇದಕ್ಕಾ ಇಷ್ಟೆಲ್ಲ, ಎಂದ ಗಾಡಿಯವನು.

ಮೇಸ್ತ್ರಿ ಮಲಗಿದ ಗೋಡೆಯ ಪಕ್ಕ ಕುಕ್ಕುರುಗಾಲಲ್ಲಿ ಕೂತು ಒಂದೊಂದೇ ಇಟ್ಟಿಗೆ ಮುಟ್ಟಿ ನೋಡುತ್ತಿದ್ದ. ಒಂದೂ ಒಡೆದಿರಲಿಲ್ಲ. ಅವಳು ಫಾರಮ್ಮು ತೆಗೆದು, ಹೊಡೆಯಬೇಕಾದ ಪದ ಹೊಡೆದು, ಸಹಿ ಹಾಕಿದಳು. ಅವನು ತಲೆಯೆತ್ತದೆ ಕೇಳಿದ.

"ಈ ರೂಲು ಬರೆದೋರು ಯಾರು ತಾಯಿ?"

"ಆಫೀಸು."

"ಗೋಡೆ ಕಟ್ಟಿ ಗೊತ್ತಿಲ್ಲದೋರು."

"ಹೂಂ. ಅಷ್ಟಾಗಿ ಗೊತ್ತಿರಲಿಲ್ಲ."

"ಬೀಳಿಸಿ ಗೊತ್ತಿದ್ದೋರು."

ಅವಳು ಫಾರಮ್ಮು ಮಡಚಿದಳು. "ಹಳೇ ಗೋಡೆಗೂ ಇದೇ ಲೆಕ್ಕವಾ ಮೇಸ್ತ್ರಿ?" ಎಂದು ಕೇಳಿದಳು. "ನಿಯಮದ ಪ್ರಕಾರವೇ ಕಟ್ಟಿದ್ದು. ಹತ್ತು ಪಾಲು ಮರಳು. ಎರಡು ವರ್ಷ ಆಗಿದೆ."

"ನೀರು ಬಿದ್ದಿದೆಯಾ ಅದರ ಮೇಲೆ?"

"ಎರಡು ಮಳೆಗಾಲ."

"ಹಾಗಾದ್ರೆ ಹೇಳೋಕಾಗಲ್ಲ. ಗಾರೆ ನೀರು ಕುಡೀತಾ ಕುಡೀತಾ ಗಟ್ಟಿ ಆಗುತ್ತೆ. ತಳ್ಳಿಯೇ ನೋಡಬೇಕು."

ಮೇಲೆ ಬನ್ನಿ, ನೀವೇ ಮೊದಲು ಒಳಗೆ ಕಾಲಿಡಬೇಕು, ಎಂದು ಅಜ್ಜಿ ಹಟ ಹಿಡಿದಳು. ಅವಳು ಬೇಡವೆಂದರೂ ಬಿಡಲಿಲ್ಲ. ಮೇಲೆ ಎರಡು ಕೋಣೆ, ಸುಣ್ಣದ ವಾಸನೆ. ನಿಯಮದ ಪ್ರಕಾರ ಸ್ವಿಚ್ಚುಗಳೆಲ್ಲ ಎದೆಯ ಎತ್ತರಕ್ಕಿದ್ದವು. ಸಹಿ ನೋಡಿ ಬಂದ ಲೈನ್‌ಮನ್ ಕರೆಂಟು ಕಂಬ ಹತ್ತಿ ಇಳಿದ ಕೂಡಲೇ ಸೊಸೆ ಒಂದೊಂದೇ ಸ್ವಿಚ್ಚು ಒತ್ತುತ್ತ, ಇನ್ನೂ ಬೆಳಕಿದ್ದ ಸಂಜೆಯಲ್ಲಿ ಎಲ್ಲ ದೀಪ ಉರಿಸಿದಳು, ಆರಿಸಿದಳು, ಮತ್ತೆ ಉರಿಸಿದಳು. ಕನ್ನಡಿಯನ್ನು ಮಗ ಹೊತ್ತು ತಂದು ಗೋಡೆಗೆ ಒರಗಿಸಿದ. ಅದರಲ್ಲಿ ಎಲ್ಲರೂ ಕಂಡರು, ಬೆಳ್ಳಗೆ, ಸುಣ್ಣದ ಗೊಂಬೆಗಳ ಹಾಗೆ. ಅವರ ನಡುವೆ ನಗುತ್ತಿದ್ದ ಒಬ್ಬಳು ಯಾರೆಂದು ಅವಳಿಗೆ ಕೂಡಲೇ ತಿಳಿಯಲಿಲ್ಲ.

ಆ ಗೋಡೆ ಮತ್ತೆ ಕಟ್ಟುವಾಗ ಕರೀತೀನಿ, ಬಂದು ಮರಳು ನೋಡಿ ಹೋಗಿ, ಎಂದ ಮೇಸ್ತ್ರಿ. ಅವನ ಮೇಲೆ ನಂಬಿಕೆ ಇಡಬೇಡಿ, ಎಂದಳು ಅಜ್ಜಿ.

ಅವಳು ನಡೆದೇ ಮನೆಗೆ ಬಂದಳು. ದಾರಿಯುದ್ದಕ್ಕೂ ಜನ ಅವಳ ಧೂಳು ನೋಡಿ ನಕ್ಕರು. ಅವಳೂ ನಕ್ಕಳು. ಬೇಕರಿಯಲ್ಲಿ ನಿಂತು, ಏನು ಬೇಕೆಂದು ಕೇಳಿದಾಗ ಹೊಳೆಯದೆ, ಎರಡು ಬನ್ನು ಕಟ್ಟಿಸಿಕೊಂಡಳು. ಇವತ್ತು ಎಷ್ಟು, ಎಂದು ಅತ್ತೆ ಕೇಳಿದರೆ ಪೂರಾ ಕಥೆ ಹೇಳಬೇಕು. ಅಜ್ಜಿಯ ಕೆಮ್ಮು, ಗುಡಾಣನ ಗುಂಡಿ. ಕೆಮ್ಮನ್ನು ಹೇಗೆ ಕೆಮ್ಮಿ ತೋರಿಸಬೇಕೆಂದು ದಾರಿಯಲ್ಲಿ ಒಮ್ಮೆ ಮಾಡಿಯೂ ನೋಡಿದಳು.

ಗೇಟು ತೆಗೆದಳು. ಕಂಬಗಳ ನಡುವೆ ಬೆಳಕು ಕಮ್ಮಿಯಾಗಿತ್ತು. ಎದೆಮಟ್ಟದ ಗೋಡೆ ಅಲ್ಲಿತ್ತು. ಕಾಲು ರೂಢಿಯಂತೆ ಎಡಕ್ಕೆ ತಿರುಗಿದವು. ಅವಳು ಅವನ್ನು ನಿಲ್ಲಿಸಿದಳು.

ಬನ್ನಿನ ಪೊಟ್ಟಣವನ್ನು ನೆಲದ ಮೇಲಿಟ್ಟು, ಎರಡೂ ಅಂಗೈ ಊರಿದಳು. ಈ ಇಟ್ಟಿಗೆ ತಣ್ಣಗಿತ್ತು. ವರಸೆಗಳು ಸೊಟ್ಟ, ಮೂರನೆಯ ಭಾನುವಾರದ ಹೊತ್ತಿಗೆ ಸ್ವಲ್ಪ ನೆಟ್ಟಗಾಗಿದ್ದವು. ಒಂದು, ಎಂದಳು. ಎರಡು.

"ಯಾರದು?" ಮೆಟ್ಟಿಲ ಮೇಲಿಂದ ಅತ್ತೆಯ ದನಿ.

"ನಾನೇ ಅತ್ತೆ."

"ಏನ್ಮಾಡ್ತಿದ್ದೀಯ?"

"ತಪಾಸಣೆ."

ಮೆಟ್ಟಿಲಿಳಿಯುವ ಸದ್ದು ಕೇಳಿತು, ಒಂದೊಂದೇ. ಬಂದು ಅವಳ ಧೂಳು ಹಿಡಿದ ಮುಖ ನೋಡಿದರು, ಬರಿಗಾಲು ನೋಡಿದರು. ಬೂಟು ಮೇಸ್ತ್ರಿಯ ಮನೆಯಲ್ಲೇ ಉಳಿದಿತ್ತು. ಅತ್ತೆಯ ಬಾಯಿಯ ತುದಿ ಅಲುಗಿತು. ನಗು ಬರುವಂತಿತ್ತು.

"ಆರು ಜನ ಬೇಕಲ್ವಾ?" ಎಂದರು.

"ಬೇಕು."

"ಇಬ್ಬರೇ ಇದ್ದೀವಿ."

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಳೆಗಳನ್ನು ಮೇಲಕ್ಕೆ ಸರಿಸಿ, ಅವಳ ಅಂಗೈಗಳ ಪಕ್ಕ ತಮ್ಮ ಅಂಗೈ ಊರಿದರು. "ಮೊದಲಿಂದ ಎಣಿಸು," ಎಂದರು.

ಇಬ್ಬರೂ ಎಣಿಸಿದರು. ಮೂರಕ್ಕೆ ಅವಳಿಗೆ ನಗು ಬಂತು. ಐದಕ್ಕೆ ಅತ್ತೆಗೂ ಬಂತು. ಇಬ್ಬರೂ ನಗುತ್ತಲೇ ತಳ್ಳಿದರು. ಪ್ರತಿ ಕಂಬದ ಮೇಲೂ ಕೆಂಪು ಗೆರೆ, ಇಬ್ಬರ ತಲೆಗಿಂತಲೂ ಒಂದು ಗೇಣು ಮೇಲೆ. ಎಂಟು. ಒಂಬತ್ತರಲ್ಲಿ ಅವಳು ಕೆಮ್ಮಿದಳು, ಉದ್ದಕ್ಕೆ, ದಾರಿಯಲ್ಲಿ ಕಲಿತ ಹಾಗೆ. ಅತ್ತೆಗೆ ಅರ್ಥವಾಗಲಿಲ್ಲ. ಆದರೂ ಕಾದರು.

ಹತ್ತು, ಎಂದಳು ಅವಳು. ಕೈ ತೆಗೆಯಬೇಕಿತ್ತು.

ಅತ್ತೆ ತೆಗೆಯಲಿಲ್ಲ. ತಲೆ ತಗ್ಗಿಸಿ, ಹಣೆಯನ್ನು ಇಟ್ಟಿಗೆಗೆ ಒತ್ತಿ, ಹನ್ನೊಂದು, ಎಂದರು. ಹನ್ನೆರಡು.